ಆಸ್ಪತ್ರೆಯಲ್ಲಿ ಫ್ಲೂ ಟೆಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವರ, ಕೆಮ್ಮು, ಉಸಿರಾಟದ ತೊಂದರೆ ಅಂತ ಆಸ್ಪತ್ರೆಗೆ ಸೇರಿದವರ ಮೂಗಿನಿಂದ ಸ್ವ್ಯಾಬ್ ತೆಗೆದು ಫ್ಲೂ ಟೆಸ್ಟ್‌ಗೆ ಕಳಿಸುವುದು ಈಗ ಮಾಮೂಲಿ. ರಿಪೋರ್ಟ್‌ನಲ್ಲಿ ‘ನೆಗೆಟಿವ್’ ಅಂತ ಕಂಡ ಕೂಡಲೇ ಫ್ಲೂ ಇಲ್ಲ ಅಂದುಕೊಂಡು ಬಿಡುತ್ತಾರೆ. ಅಷ್ಟು ಸುಲಭ ಅಲ್ಲ. ಯಾವ ಟೆಸ್ಟ್ ಮಾಡಿದರು, ಸ್ಯಾಂಪಲ್ ಎಲ್ಲಿಂದ ತೆಗೆದರು, ಕಾಯಿಲೆ ಶುರುವಾಗಿ ಎಷ್ಟನೇ ದಿನ? ಈ ಮೂರು ಗೊತ್ತಿಲ್ಲದೆ ನೆಗೆಟಿವ್ ರಿಪೋರ್ಟ್ ಓದಿ ಪ್ರಯೋಜನ ಕಡಿಮೆ. ರೋಗಿಯ ಮನೆಯವರು, ನರ್ಸ್‌ಗಳು, ವಾರ್ಡ್‌ಗೆ ಹೊಸದಾಗಿ ಬಂದ ಡಾಕ್ಟರ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಲಕ್ಷಣ ನೋಡಿದರೆ ಫ್ಲೂ ಅಂತ ಗೊತ್ತಾಗುತ್ತದೆ ಅಲ್ವಾ? ಟೆಸ್ಟ್ ಯಾಕೆ?

ಮನೆಯಲ್ಲೇ ಮಲಗಿ ವಾಸಿ ಮಾಡಿಕೊಳ್ಳುವ ಆರೋಗ್ಯವಂತ ಯುವಕರಲ್ಲಿ, ಫ್ಲೂ ಸೀಸನ್‌ನಲ್ಲಿ, ಲಕ್ಷಣ ನೋಡಿ ಊಹಿಸಿದರೆ ಬಹಳ ಸಲ ಸರಿಯಾಗಿಯೇ ಇರುತ್ತದೆ. ಆಸ್ಪತ್ರೆಗೆ ಸೇರುವವರ ಕಥೆ ಬೇರೆ. ವಯಸ್ಸಾದವರಿಗೆ ಜ್ವರವೇ ಇಲ್ಲದಿರಬಹುದು. ಮಾತು ತಡವರಿಸುವುದು, ಮಂಕಾಗುವುದು, ಊಟ ಬಿಡುವುದು ಇಷ್ಟೇ ಕಾಣಬಹುದು. ಆಸ್ತಮಾ ಇರುವವರಿಗೆ ಉಬ್ಬಸ ಜೋರಾಗುತ್ತದೆ. ಹೃದಯದ ತೊಂದರೆ ಇರುವವರಿಗೆ ಅದೇ ಕೆದರಿಕೊಳ್ಳುತ್ತದೆ. ಇದರ ಹಿಂದೆ ಫ್ಲೂ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಜೊತೆಗೆ ಕೋವಿಡ್, ಆರ್‌ಎಸ್‌ವಿ (ಉಸಿರಾಟದ ದಾರಿಗೆ ತಗಲುವ ಇನ್ನೊಂದು ವೈರಸ್) ಮುಂತಾದ ವೈರಸ್‌ಗಳು ಇದೇ ವೇಷದಲ್ಲಿ ಬರುತ್ತವೆ.

ಆಸ್ಪತ್ರೆಯಲ್ಲಿ ಈ ರಿಪೋರ್ಟ್ ಮೇಲೆ ಮೂರು ತೀರ್ಮಾನ ನಿಂತಿರುತ್ತವೆ. ಫ್ಲೂ ಔಷಧಿ ಮುಂದುವರಿಸಬೇಕೇ, ಸುಮ್ನೆ ಕೊಡುತ್ತಿರುವ ಆಂಟಿಬಯಾಟಿಕ್ ನಿಲ್ಲಿಸಬಹುದೇ, ಪಕ್ಕದ ಹಾಸಿಗೆಯವರಿಂದ ಇವರನ್ನು ಬೇರೆ ಇಡಬೇಕೇ. ಮೂರನೆಯದನ್ನು ಜನ ಮರೆಯುತ್ತಾರೆ.

ಯಾರಿಗೆ ಟೆಸ್ಟ್ ಮಾಡಿಸಬೇಕು?

ಫ್ಲೂ ಹರಡಿರುವ ದಿನಗಳಲ್ಲಿ ನ್ಯುಮೋನಿಯಾ ಅಥವಾ ಬೇರೆ ಉಸಿರಾಟದ ತೊಂದರೆಯಿಂದ ದಾಖಲಾಗುವ ಎಲ್ಲರಿಗೂ, ಜ್ವರ ಇರಲಿ ಇಲ್ಲದಿರಲಿ. ಹೃದಯ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಇದ್ದಕ್ಕಿದ್ದಂತೆ ಹೆಚ್ಚಾದವರಿಗೂ. ಬೇರೆ ಕಾರಣಕ್ಕೆ ದಾಖಲಾಗಿ, ಆಸ್ಪತ್ರೆಯಲ್ಲಿ ಇರುವಾಗಲೇ ಹೊಸದಾಗಿ ಕೆಮ್ಮು, ಜ್ವರ ಬಂದವರಿಗೂ. ಕೊನೆಯ ಗುಂಪು ಕೈತಪ್ಪುವುದೇ ಜಾಸ್ತಿ. ಕಾಲು ಮುರಿದು ಸೇರಿದವರಿಗೆ ಐದನೇ ದಿನ ಜ್ವರ ಬಂದರೆ ಎಲ್ಲರೂ ಗಾಯವನ್ನೇ ನೋಡುತ್ತಾರೆ.

ರಿಪೋರ್ಟ್ ಬರುವವರೆಗೆ ಔಷಧಿಗೆ ಕಾಯಬೇಕಾ?

ಬೇಡ. ಫ್ಲೂ ಅನುಮಾನ ಇದ್ದು ಆಸ್ಪತ್ರೆಗೆ ಸೇರುವಷ್ಟು ಕಾಯಿಲೆ ಇದ್ದರೆ, ಸ್ಯಾಂಪಲ್ ತೆಗೆದ ತಕ್ಷಣ ಒಸೆಲ್ಟಾಮಿವಿರ್‌ನಂಥ ಔಷಧಿ ಶುರು ಮಾಡುವುದೇ ರೂಢಿ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಇದರ ಪ್ರಯೋಜನ ಹೆಚ್ಚು. ಒಂದು ರಿಪೋರ್ಟ್‌ಗೋಸ್ಕರ ಆ ಸಮಯ ಕಳೆಯುವುದು ತಪ್ಪು ಲೆಕ್ಕ. 48 ಗಂಟೆ ದಾಟಿ ಬಂದವರಿಗೂ, ಕಾಯಿಲೆ ಜೋರಾಗಿದ್ದರೆ, ಕೊಡುತ್ತಾರೆ. ಮೊದಲ ಡೋಸ್ ಕೊಟ್ಟರೆ ಟೆಸ್ಟ್ ಕೆಟ್ಟುಹೋಗುತ್ತದೆ ಎಂಬ ಭಯವೂ ಬೇಡ. ಒಂದೆರಡು ಡೋಸ್‌ಗೆ ಪಿಸಿಆರ್ (ವೈರಸ್‌ನ ತುಣುಕು ಹುಡುಕುವ ಲ್ಯಾಬ್ ಟೆಸ್ಟ್) ನೆಗೆಟಿವ್ ಆಗಿಬಿಡುವುದಿಲ್ಲ.

ಫ್ಲೂಗೆ ಎಷ್ಟು ಬಗೆಯ ಟೆಸ್ಟ್ ಇವೆ?

ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ಮಾಹಿತಿ ಹೊತ್ತ ಅಣು, ಹುಡುಕುವವು ಒಂದು ಬಗೆ: ಆರ್‌ಟಿ-ಪಿಸಿಆರ್ ಮತ್ತು ಅದರ ಚುರುಕು ತಮ್ಮಂದಿರು. ವೈರಸ್‌ನ ಪ್ರೋಟೀನ್ ಹುಡುಕುವವು ಇನ್ನೊಂದು ಬಗೆ: ರ‍್ಯಾಪಿಡ್ ಆಂಟಿಜನ್ ಮತ್ತು ಇಮ್ಯುನೋಫ್ಲೋರೆಸೆನ್ಸ್. ಜೀವಂತ ವೈರಸ್ ಬೆಳೆಸಿ ನೋಡುವುದು ಕಲ್ಚರ್. ವೈರಸ್ ಬಂದು ಹೋದ ಮೇಲೆ ನಮ್ಮ ರಕ್ತದಲ್ಲಿ ಉಳಿಯುವ ಆಂಟಿಬಾಡಿ ನೋಡುವುದು ಸೀರಾಲಜಿ.

ಆಸ್ಪತ್ರೆಗೆ ದಾಖಲಾದವರಿಗೆ ಯಾವುದು ಎಂಬ ಬಗ್ಗೆ ಈಗ ದೊಡ್ಡ ತಕರಾರು ಇಲ್ಲ. ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘ ಐಡಿಎಸ್‌ಎ ತನ್ನ 2018ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿದೆ: ದಾಖಲಾದವರಿಗೆ ಆರ್‌ಟಿ-ಪಿಸಿಆರ್ ಅಥವಾ ಅದೇ ಜಾತಿಯ ಆರ್‌ಎನ್‌ಎ ಟೆಸ್ಟ್ ಮಾಡಿ, ಅದು ಸಿಗದೇ ಇದ್ದರೆ ಮಾತ್ರ ಆಂಟಿಜನ್ ಟೆಸ್ಟ್.

ಆರ್‌ಟಿ-ಪಿಸಿಆರ್‌ನಲ್ಲಿ ನಿಜವಾಗಿ ಏನು ನಡೆಯುತ್ತದೆ?

ಫ್ಲೂ ವೈರಸ್‌ನ ಒಳಗೆ ಇರುವುದು ಡಿಎನ್‌ಎ ಅಲ್ಲ, ಆರ್‌ಎನ್‌ಎ. ಮನುಷ್ಯರಲ್ಲಿ ಸೀಸನ್ ಫ್ಲೂ ತರುವ ಎ ಮತ್ತು ಬಿ ಎಂಬ ಎರಡು ಬಗೆಯ ವೈರಸ್‌ಗಳಲ್ಲಿ ಅದು ಎಂಟು ತುಂಡುಗಳಾಗಿ ಇರುತ್ತದೆ. ಪಿಸಿಆರ್ ನಕಲು ಮಾಡಬಲ್ಲದ್ದು ಡಿಎನ್‌ಎ ಮಾತ್ರ. ಹಾಗಾಗಿ ಮೊದಲು ಸ್ಯಾಂಪಲ್‌ನಿಂದ ಆರ್‌ಎನ್‌ಎ ಬೇರ್ಪಡಿಸಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದಿಂದ ಅದನ್ನು ಡಿಎನ್‌ಎ ಮಾಡುತ್ತಾರೆ. ‘ಆರ್‌ಟಿ’ ಅಂದರೆ ಇದೇ ಹಂತ.

ಆಮೇಲೆ ಬಿಸಿ ಮಾಡುವುದು, ತಣಿಸುವುದು, ಮತ್ತೆ ಬಿಸಿ ಮಾಡುವುದು. ಪ್ರತಿ ಸುತ್ತಿಗೂ ಡಿಎನ್‌ಎ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹತ್ತು ಸುತ್ತಿಗೆ ಸುಮಾರು ಸಾವಿರ ಪಟ್ಟು, ಇಪ್ಪತ್ತಕ್ಕೆ ಸುಮಾರು ಹತ್ತು ಲಕ್ಷ ಪಟ್ಟು. ಅದಕ್ಕೇ ಸ್ಯಾಂಪಲ್‌ನಲ್ಲಿ ಬೆರಳೆಣಿಕೆಯಷ್ಟು ತುಣುಕು ಇದ್ದರೂ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ 40 ಸುತ್ತಿನ ಆಸುಪಾಸಿಗೆ ನಿಲ್ಲಿಸುತ್ತಾರೆ.

ಯಾವ ತುಣುಕನ್ನು ಹುಡುಕುವುದು ಎಂಬುದು ಜಾಣತನದ ಜಾಗ. ಫ್ಲೂ ವೈರಸ್ ತನ್ನ ಹೊರಮೈಯನ್ನು ವರ್ಷ ವರ್ಷ ಬದಲಿಸುತ್ತದೆ. ಅಲ್ಲಿ ಗುರಿ ಇಟ್ಟರೆ ಮುಂದಿನ ವರ್ಷ ತಪ್ಪುತ್ತದೆ. ಅದಕ್ಕೆ ಫ್ಲೂ ಎ ಹುಡುಕಲು ಹೆಚ್ಚು ಬದಲಾಗದ ಮ್ಯಾಟ್ರಿಕ್ಸ್ ಜೀನ್ ಆರಿಸುತ್ತಾರೆ. ಅದೂ ಕೆಲವೊಮ್ಮೆ ಬದಲಾಗುತ್ತದೆ. ಎಚ್3ಎನ್2 ಎಂಬ ಉಪಬಗೆಯ ಫ್ಲೂ ಎ ವೈರಸ್‌ನ ಮ್ಯಾಟ್ರಿಕ್ಸ್ ಜೀನ್‌ನಲ್ಲಿ ಸಣ್ಣ ವ್ಯತ್ಯಾಸ ಬಂದು ಕೆಲವು ಪಿಸಿಆರ್ ಕಿಟ್‌ಗಳು ಮುಗ್ಗರಿಸಿದ ಉದಾಹರಣೆ ಇದೆ. ಒಂದೇ ಕಿಟ್‌ನಲ್ಲಿ ಎರಡು ಜೀನ್‌ಗಳ ಮೇಲೆ ಕಣ್ಣಿಟ್ಟರೆ ಈ ಅಪಾಯ ಕಡಿಮೆ.

ಇನ್ನೊಂದು ಸಣ್ಣ ಆದರೆ ಮುಖ್ಯ ಸಂಗತಿ. ಒಳ್ಳೆಯ ಪಿಸಿಆರ್‌ನಲ್ಲಿ ಸ್ಯಾಂಪಲ್ ಸರಿ ಇದೆಯಾ ಅಂತ ನೋಡುವ ಒಂದು ಕಂಟ್ರೋಲ್ ಇರುತ್ತದೆ. ಬಹಳ ಕಡೆ ಮನುಷ್ಯರ ಆರ್‌ನೇಸ್ ಪಿ ಜೀನ್ ಹುಡುಕುತ್ತಾರೆ. ಅದೂ ಸಿಗಲಿಲ್ಲ ಅಂದರೆ ಸ್ವ್ಯಾಬ್‌ನಲ್ಲಿ ರೋಗಿಯ ಜೀವಕೋಶಗಳೇ ಬಂದಿಲ್ಲ, ಅಥವಾ ಪರೀಕ್ಷೆ ನಡೆಯುವಾಗ ಏನೋ ತಡೆಯಾಗಿದೆ ಅಂತ. ಅಂಥ ಸ್ಯಾಂಪಲ್‌ಗೆ ‘ನೆಗೆಟಿವ್’ ಅಂತ ಬರೆಯಬಾರದು, ಹೊಸ ಸ್ಯಾಂಪಲ್ ಕೇಳಬೇಕು.

ಸಿಟಿ ವ್ಯಾಲ್ಯೂ ಕಡಿಮೆ ಇದ್ದರೆ ಕಾಯಿಲೆ ಜೋರು ಅಂತಲಾ?

ಎಷ್ಟನೇ ಸುತ್ತಿಗೆ ಸಿಗ್ನಲ್ ಗೆರೆ ದಾಟಿತು ಎಂಬುದೇ ಸಿಟಿ ವ್ಯಾಲ್ಯೂ. ಬೇಗ ದಾಟಿದರೆ ಆ ಸ್ಯಾಂಪಲ್‌ನಲ್ಲಿ ವೈರಸ್‌ನ ಆರ್‌ಎನ್‌ಎ ಜಾಸ್ತಿ ಇತ್ತು. ಅಷ್ಟೇ. ಸ್ವ್ಯಾಬ್ ಎಷ್ಟು ಚೆನ್ನಾಗಿ ತಿರುಗಿಸಿದರು, ಎಷ್ಟು ದ್ರವದಲ್ಲಿ ಅದ್ದಿದರು, ಯಾವ ಕಂಪನಿಯ ಕಿಟ್ ಎಂಬುದರ ಮೇಲೂ ಇದು ಏರಿಳಿಯುತ್ತದೆ. ಎರಡು ಲ್ಯಾಬ್‌ಗಳ ಸಿಟಿ ಸಂಖ್ಯೆ ಹೋಲಿಸುವುದು ವ್ಯರ್ಥ. ರೋಗಿ ಎಷ್ಟು ಗಂಭೀರ ಎಂಬುದನ್ನು ಹೇಳುವುದು ಉಸಿರಾಟದ ವೇಗ, ಆಕ್ಸಿಜನ್ ಮಟ್ಟ, ಬಿಪಿ. ನನ್ನ ಅಭಿಪ್ರಾಯ ಕೇಳಿದರೆ, ಫ್ಲೂ ರಿಪೋರ್ಟ್‌ನಲ್ಲಿ ಈ ಸಂಖ್ಯೆ ಹಾಕುವುದರಿಂದ ಮನೆಯವರ ನಿದ್ದೆ ಕೆಡುವುದು ಬಿಟ್ಟರೆ ಬೇರೆ ಲಾಭ ಕಡಿಮೆ.

ರ‍್ಯಾಪಿಡ್ ಆಂಟಿಜನ್ ಟೆಸ್ಟ್ 15 ನಿಮಿಷದಲ್ಲಿ ಮುಗಿಯುತ್ತದೆ. ಅದೇ ಸಾಕಲ್ವಾ?

ಪಾಸಿಟಿವ್ ಬಂದರೆ, ಅದೂ ಸೀಸನ್‌ನಲ್ಲಿ, ಹೆಚ್ಚುಕಡಿಮೆ ನಂಬಬಹುದು. ನೆಗೆಟಿವ್ ಬಂದರೆ ನಂಬಬಾರದು. ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

ಈ ಟೆಸ್ಟ್‌ನಲ್ಲಿ ನಕಲು ಮಾಡುವ ಕೆಲಸ ಇಲ್ಲ. ಸ್ವ್ಯಾಬ್‌ನಲ್ಲಿ ಬಂದಷ್ಟೇ ವೈರಸ್ ಪ್ರೋಟೀನ್, ಅದರಲ್ಲೂ ಆರ್‌ಎನ್‌ಎಗೆ ಸುತ್ತಿಕೊಂಡಿರುವ ನ್ಯೂಕ್ಲಿಯೋಪ್ರೋಟೀನ್, ಪಟ್ಟಿಯ ಮೇಲಿನ ಆಂಟಿಬಾಡಿಗೆ ಅಂಟಿಕೊಂಡು ಗೆರೆ ಮೂಡಿಸಬೇಕು. ಪ್ರೋಟೀನ್ ಕಡಿಮೆ ಇದ್ದರೆ ಗೆರೆ ಇಲ್ಲ. ಮಾಮೂಲಿ ಆಂಟಿಜನ್ ಕಿಟ್‌ಗಳು ಫ್ಲೂ ಇರುವವರಲ್ಲಿ ಸುಮಾರು 50ರಿಂದ 70 ಶೇಕಡಾ ಜನರನ್ನು ಮಾತ್ರ ಹಿಡಿಯುತ್ತವೆ. ಉಳಿದವರಿಗೆ ಕಾಯಿಲೆ ಇದ್ದರೂ ‘ಇಲ್ಲ’ ಎನ್ನುತ್ತವೆ. ಮಕ್ಕಳ ಮೂಗಿನಲ್ಲಿ ವೈರಸ್ ಜಾಸ್ತಿ ಇರುವುದರಿಂದ ಅವರಲ್ಲಿ ಸ್ವಲ್ಪ ಉತ್ತಮ. ವಯಸ್ಸಾದವರಲ್ಲಿ, ತಡವಾಗಿ ಬಂದವರಲ್ಲಿ ಇನ್ನೂ ಕಳಪೆ. ಆಸ್ಪತ್ರೆಗೆ ಸೇರುವವರಲ್ಲಿ ಬಹಳ ಮಂದಿ ಈ ಎರಡನೇ ಗುಂಪಿನವರೇ ಅಲ್ವಾ?

2009ರ ಎಚ್1ಎನ್1 ಮಹಾಮಾರಿಯಲ್ಲಿ ಈ ಕಿಟ್‌ಗಳ ಬಂಡವಾಳ ಎಲ್ಲರಿಗೂ ಗೊತ್ತಾಯಿತು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮ ಬಿಗಿ ಮಾಡಿತು. ಪಿಸಿಆರ್ ಜಾತಿಯ ಟೆಸ್ಟ್‌ಗೆ ಹೋಲಿಸಿದಾಗ ಕನಿಷ್ಠ 80 ಶೇಕಡಾ ಹಿಡಿಯಬೇಕು ಎಂದಿತು. ಗೆರೆಯನ್ನು ಕಣ್ಣಿನ ಬದಲು ಯಂತ್ರ ಓದುವ ಕಿಟ್‌ಗಳು ಬಂದು ಸ್ವಲ್ಪ ಸುಧಾರಿಸಿದೆ. ಆದರೂ ಪಿಸಿಆರ್‌ಗೆ ಸಾಟಿ ಇಲ್ಲ.

ಒಂದೇ ಕಿಟ್ ಸೀಸನ್‌ನಲ್ಲಿ ಒಂದು ರೀತಿ, ಬೇರೆ ಸಮಯದಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುತ್ತದೆಯೇ?

ಕಿಟ್ ಬದಲಾಗುವುದಿಲ್ಲ, ಎದುರಿಗೆ ಇರುವ ಜನ ಬದಲಾಗುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. ಒಂದು ಕಿಟ್ ಫ್ಲೂ ಇರುವ ನೂರರಲ್ಲಿ 60 ಜನರನ್ನು ಹಿಡಿಯುತ್ತದೆ, ಫ್ಲೂ ಇಲ್ಲದ ನೂರರಲ್ಲಿ 98 ಜನರಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಅಂದುಕೊಳ್ಳಿ.

ಸೀಸನ್ ಜೋರಾಗಿದೆ. 100 ರೋಗಿಗಳಲ್ಲಿ 40 ಮಂದಿಗೆ ಫ್ಲೂ ಇದೆ. ಕಿಟ್ 24 ಜನರನ್ನು ಹಿಡಿಯಿತು, 16 ಜನರನ್ನು ಬಿಟ್ಟಿತು. ಫ್ಲೂ ಇಲ್ಲದ 60 ಜನರಲ್ಲಿ ಒಬ್ಬರಿಗೆ ತಪ್ಪಾಗಿ ಪಾಸಿಟಿವ್. ಅಂದರೆ 25 ಪಾಸಿಟಿವ್‌ನಲ್ಲಿ 24 ನಿಜ. ಆದರೆ 75 ನೆಗೆಟಿವ್‌ನಲ್ಲಿ 16 ಸುಳ್ಳು. ಐದು ನೆಗೆಟಿವ್‌ನಲ್ಲಿ ಒಂದು ಸುಳ್ಳು ಅಂತಾಯಿತು. ಆ ಹದಿನಾರು ಜನರನ್ನು ಸಾಮಾನ್ಯ ವಾರ್ಡ್‌ಗೆ ಕಳಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಫ್ಲೂ ಇಲ್ಲದ ತಿಂಗಳು. 1000 ಜನರಲ್ಲಿ 10 ಮಂದಿಗೆ ಮಾತ್ರ ಫ್ಲೂ. ಕಿಟ್ 6 ಜನರನ್ನು ಹಿಡಿಯುತ್ತದೆ. ಉಳಿದ 990 ಜನರಲ್ಲಿ ಸುಮಾರು 20 ಮಂದಿಗೆ ಸುಳ್ಳು ಪಾಸಿಟಿವ್. 26 ಪಾಸಿಟಿವ್‌ನಲ್ಲಿ ನಿಜವಾದದ್ದು ಆರೇ ಆರು! ಸೀಸನ್ ಇಲ್ಲದಾಗ ಪಾಸಿಟಿವ್ ಬಂದರೂ ಪಿಸಿಆರ್ ಮಾಡಿ ಖಚಿತ ಮಾಡಿಕೊಳ್ಳಿ ಅನ್ನುವುದು ಇದಕ್ಕೇ.

ರ‍್ಯಾಪಿಡ್ ಪಿಸಿಆರ್ ಅಂತ ಒಂದಿದೆಯಂತೆ. ಅದೂ ಆಂಟಿಜನ್‌ನಂತೆಯೇನಾ?

ಅಲ್ಲ. ಹೆಸರಿನಲ್ಲಿ ‘ರ‍್ಯಾಪಿಡ್’ ಇರುವುದರಿಂದ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಇವು ಆರ್‌ಎನ್‌ಎ ಹುಡುಕುವ ಯಂತ್ರಗಳು. ಸ್ಯಾಂಪಲ್ ಹಾಕಿದ ಕಾರ್ಟ್ರಿಡ್ಜ್ ಒಳಗಿಟ್ಟರೆ ಎಲ್ಲಾ ಕೆಲಸ ಒಳಗೇ ಮುಗಿಯುತ್ತದೆ. ಕೆಲವು ಯಂತ್ರಗಳು ಬಿಸಿ-ತಂಪು ಮಾಡದೆ ಒಂದೇ ಉಷ್ಣತೆಯಲ್ಲಿ ನಕಲು ಮಾಡುತ್ತವೆ. 15ರಿಂದ 30 ನಿಮಿಷಕ್ಕೆ ಉತ್ತರ. ಫ್ಲೂ ಇರುವವರಲ್ಲಿ 90ರಿಂದ 95 ಶೇಕಡಾ ಜನರನ್ನು ಹಿಡಿಯುತ್ತವೆ. ತುರ್ತು ವಿಭಾಗಕ್ಕೆ ಇದು ನಿಜಕ್ಕೂ ವರ. ದೊಡ್ಡ ಲ್ಯಾಬ್‌ನ ಪಿಸಿಆರ್ ಯಂತ್ರದ ಮೇಲೆ ಒಂದು ಗಂಟೆಯಲ್ಲೂ ಮುಗಿಯಬಹುದು, ಹಲವು ಗಂಟೆಯೂ ಹಿಡಿಯಬಹುದು. ಸ್ಯಾಂಪಲ್ ಸಾಗಿಸುವುದು, ಬ್ಯಾಚ್ ತುಂಬುವವರೆಗೆ ಕಾಯುವುದು ಸೇರಿದರೆ ಒಂದು ದಿನವೇ ಆಗಬಹುದು.

ಇಮ್ಯುನೋಫ್ಲೋರೆಸೆನ್ಸ್ ಅಂದರೆ?

ಸ್ವ್ಯಾಬ್‌ನಲ್ಲಿ ಬಂದ ಜೀವಕೋಶಗಳನ್ನು ಗಾಜಿನ ಸ್ಲೈಡ್ ಮೇಲೆ ಹಚ್ಚಿ, ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿ ಹಾಕಿ, ವಿಶೇಷ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು. ಒಂದರಿಂದ ನಾಲ್ಕು ಗಂಟೆಯ ಕೆಲಸ. ಆಂಟಿಜನ್ ಕಿಟ್‌ಗಿಂತ ಮೇಲು, ಪಿಸಿಆರ್‌ಗಿಂತ ಕೆಳಗೆ. ನೋಡುವವರ ಕಣ್ಣು ಪಳಗಿರಬೇಕು, ಜೀವಕೋಶ ಒಡೆಯದೆ ಬಂದಿರಬೇಕು. ಈಗ ಬಳಕೆ ಕಡಿಮೆಯಾಗುತ್ತಿದೆ.

ವೈರಸ್ ಕಲ್ಚರ್ ಈಗಲೂ ಮಾಡುತ್ತಾರಾ?

ಮಾಡುತ್ತಾರೆ, ಆದರೆ ಹಾಸಿಗೆ ಮೇಲಿರುವ ರೋಗಿಗೋಸ್ಕರ ಅಲ್ಲ. 1933ರಲ್ಲಿ ಸ್ಮಿತ್, ಆಂಡ್ರೂಸ್, ಲೈಡ್‌ಲಾ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ರೋಗಿಗಳ ಗಂಟಲಿನ ದ್ರವವನ್ನು ಫೆರೆಟ್ ಎಂಬ ಪ್ರಾಣಿಗೆ ಹಾಕಿ ಮನುಷ್ಯರ ಫ್ಲೂ ವೈರಸ್ ಮೊದಲು ಹಿಡಿದರು. ನಂತರ ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುವುದನ್ನು ಕಲಿತರು. ಇಂದಿಗೂ ಫ್ಲೂ ಲಸಿಕೆಯ ದೊಡ್ಡ ಪಾಲು ಮೊಟ್ಟೆಯಲ್ಲೇ ತಯಾರಾಗುವುದು. ಲ್ಯಾಬ್‌ನಲ್ಲಿ ಈಗ ಹೆಚ್ಚಾಗಿ ಎಂಡಿಸಿಕೆ ಎಂಬ, ನಾಯಿಯ ಮೂತ್ರಪಿಂಡದಿಂದ ಬಂದ ಜೀವಕೋಶಗಳಲ್ಲಿ ಬೆಳೆಸುತ್ತಾರೆ.

ಮಾಮೂಲಿ ಕಲ್ಚರ್‌ಗೆ 3ರಿಂದ 10 ದಿನ. ಶೆಲ್ ವಯಲ್ ಎಂಬ ವೇಗದ ವಿಧಾನಕ್ಕೆ 1ರಿಂದ 3 ದಿನ. ಅಷ್ಟು ಹೊತ್ತಿಗೆ ರೋಗಿ ಗುಣವಾಗಿ ಮನೆಗೆ ಹೋಗಿರುತ್ತಾರೆ, ಅಥವಾ ಐಸಿಯುಗೆ ಹೋಗಿರುತ್ತಾರೆ. ಆದರೆ ಜೀವಂತ ವೈರಸ್ ಕೈಯಲ್ಲಿ ಇದ್ದರೆ ಮಾತ್ರ ಅದರ ಸ್ವಭಾವ ಪೂರ್ತಿ ತಿಳಿಯುತ್ತದೆ. ಲಸಿಕೆಗೆ ಯಾವ ತಳಿ ಹಾಕಬೇಕು ಅಂತ ತೀರ್ಮಾನಿಸುವುದು ಹೀಗೆ ಬೆಳೆಸಿದ ವೈರಸ್ ನೋಡಿಯೇ. ವಿಶ್ವ ಆರೋಗ್ಯ ಸಂಸ್ಥೆ 1952ರಿಂದ ನಡೆಸುತ್ತಿರುವ ಫ್ಲೂ ಕಣ್ಗಾವಲು ಜಾಲ ಈ ಕೆಲಸ ಮಾಡುತ್ತದೆ. ವರ್ಷಕ್ಕೆ ಎರಡು ಸಲ ಲಸಿಕೆಯ ತಳಿಗಳನ್ನು ಸೂಚಿಸುತ್ತದೆ.

ರಕ್ತ ಪರೀಕ್ಷೆಯಲ್ಲಿ ಫ್ಲೂ ಗೊತ್ತಾಗಲ್ವಾ?

ಉಪಯೋಗಕ್ಕೆ ಬರುವ ಹೊತ್ತಿಗೆ ಗೊತ್ತಾಗುವುದಿಲ್ಲ. ಆಂಟಿಬಾಡಿ ಪರೀಕ್ಷೆಗೆ ಎರಡು ಸಲ ರಕ್ತ ಬೇಕು: ಕಾಯಿಲೆಯ ಮೊದಲ ವಾರದಲ್ಲಿ ಒಂದು, ಎರಡು ಮೂರು ವಾರದ ನಂತರ ಇನ್ನೊಂದು. ಎರಡನೆಯದರಲ್ಲಿ ಆಂಟಿಬಾಡಿ ಕನಿಷ್ಠ ನಾಲ್ಕು ಪಟ್ಟು ಏರಿದ್ದರೆ ಫ್ಲೂ ಆಗಿತ್ತು ಎನ್ನಬಹುದು. ಒಂದೇ ಸಲದ ರಕ್ತದಲ್ಲಿ ಆಂಟಿಬಾಡಿ ಕಂಡರೆ ಅದು ಹಳೆಯ ಫ್ಲೂದು ಇರಬಹುದು, ಲಸಿಕೆಯದು ಇರಬಹುದು. ಸಂಶೋಧನೆಗೆ ಸರಿ, ಚಿಕಿತ್ಸೆಗೆ ಬೇಡ. ಮಾಮೂಲಿ ಫ್ಲೂ ವೈರಸ್ ಹುಡುಕಲು ರಕ್ತ, ಮೂತ್ರ, ಮಲ ಕಳಿಸುವುದೂ ದಂಡ.

ಸ್ವ್ಯಾಬ್ ಅಷ್ಟು ಒಳಗೆ ಯಾಕೆ ಹಾಕುತ್ತಾರೆ? ಮೂಗಿನ ತುದಿಯಲ್ಲೇ ತೆಗೆದರೆ ಆಗಲ್ವಾ?

ಫ್ಲೂ ವೈರಸ್ ಚೆನ್ನಾಗಿ ಸಿಗುವ ಜಾಗ ಮೂಗಿನ ಹಿಂಭಾಗ, ಅಂದರೆ ಮೂಗು ಗಂಟಲಿಗೆ ಸೇರುವ ಕಡೆ. ಹೊಳ್ಳೆಯಿಂದ ಕಿವಿಯವರೆಗೆ ಎಷ್ಟು ದೂರವೋ ಸುಮಾರು ಅಷ್ಟು ಒಳಗೆ, ಅಥವಾ ತಡೆ ಸಿಗುವವರೆಗೆ, ಕಡ್ಡಿ ಹೋಗಬೇಕು. ದಿಕ್ಕು ಮೇಲಕ್ಕಲ್ಲ, ಅಂಗುಳಕ್ಕೆ ಸಮಾನಾಂತರವಾಗಿ ಹಿಂದಕ್ಕೆ. ಮೇಲಕ್ಕೆ ಚುಚ್ಚುವುದರಿಂದಲೇ ಜಾಸ್ತಿ ನೋವು, ರಕ್ತ. ತಲುಪಿದ ಮೇಲೆ ಕೆಲವು ಸೆಕೆಂಡ್ ಬಿಟ್ಟು, ನಿಧಾನವಾಗಿ ತಿರುಗಿಸಿ ತೆಗೆಯಬೇಕು. ಕಣ್ಣಲ್ಲಿ ನೀರು ಬಂದರೆ ಸಹಜ. ರಕ್ತ ಸುಲಭವಾಗಿ ಹೆಪ್ಪುಗಟ್ಟದ ತೊಂದರೆ ಇರುವವರು, ಇತ್ತೀಚೆಗೆ ಮೂಗಿಗೆ ಪೆಟ್ಟು ಬಿದ್ದವರು ಮುಂಚೆಯೇ ಹೇಳುವುದು ಒಳ್ಳೆಯದು.

ಆಗಲೇ ಇಲ್ಲ ಅಂದರೆ ಮೂಗಿನ ಸ್ವ್ಯಾಬ್ ಮತ್ತು ಗಂಟಲಿನ ಸ್ವ್ಯಾಬ್ ಎರಡನ್ನೂ ತೆಗೆದು ಒಂದೇ ಟ್ಯೂಬ್‌ಗೆ ಹಾಕಬಹುದು. ಬರೀ ಗಂಟಲಿನ ಸ್ವ್ಯಾಬ್ ಕಳಿಸುವುದು ಬೇಡ.

ಲ್ಯಾಬ್‌ನವರು ಬರೀ ಯಂತ್ರದ ಬಗ್ಗೆ ಮಾತಾಡುತ್ತಾರೆ. ಆದರೆ ಸಾಧಾರಣ ಯಂತ್ರದಲ್ಲಿ ಓಡಿದ ಒಳ್ಳೆಯ ಸ್ಯಾಂಪಲ್, ದುಬಾರಿ ಯಂತ್ರದಲ್ಲಿ ಓಡಿದ ಕೆಟ್ಟ ಸ್ಯಾಂಪಲ್‌ಗಿಂತ ಎಷ್ಟೋ ಮೇಲು. ಸ್ವ್ಯಾಬ್ ತೆಗೆಯುವವರಿಗೆ ತರಬೇತಿ ಕೊಡುವ ಆಸ್ಪತ್ರೆ ಅರ್ಧ ಸಮಸ್ಯೆ ಗೆದ್ದ ಹಾಗೆ.

ಸ್ಯಾಂಪಲ್ ತೆಗೆದ ಮೇಲೆ ಏನು ತಪ್ಪಾಗಬಹುದು?

ತುಂಬಾ. ಮರದ ಕಡ್ಡಿಯ ಸ್ವ್ಯಾಬ್, ಕ್ಯಾಲ್ಸಿಯಂ ಆಲ್ಜಿನೇಟ್ ಸ್ವ್ಯಾಬ್ ಬಳಸಬಾರದು. ಅವು ಪಿಸಿಆರ್‌ಗೆ ಅಡ್ಡ ಬರುತ್ತವೆ. ಪ್ಲಾಸ್ಟಿಕ್ ಕಡ್ಡಿಯ, ಕೃತಕ ನಾರಿನ ತುದಿಯ ಸ್ವ್ಯಾಬ್ ಬೇಕು. ನೈಲಾನ್ ಎಳೆಗಳು ಬ್ರಷ್‌ನಂತೆ ನಿಂತ ಫ್ಲಾಕ್ಡ್ ಸ್ವ್ಯಾಬ್ ಎಲ್ಲಕ್ಕಿಂತ ಒಳ್ಳೆಯದು. ತೆಗೆದ ಕೂಡಲೇ ವಿಟಿಎಂ (ವೈರಸ್ ಕೆಡದಂತೆ ಸಾಗಿಸುವ) ದ್ರವದಲ್ಲಿ ಅದ್ದಬೇಕು, ಒಣಗಲು ಬಿಡಬಾರದು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆಯವರೆಗೆ ಇಡಬಹುದು. ಅದಕ್ಕೂ ತಡವಾಗುವುದಾದರೆ ಮೈನಸ್ 70 ಡಿಗ್ರಿ. ಮಾಮೂಲಿ ಫ್ರೀಜರ್‌ನಲ್ಲಿ ಹಾಕಿ, ತೆಗೆದು, ಮತ್ತೆ ಹಾಕುವುದು ಸ್ಯಾಂಪಲ್ ಕೊಂದಂತೆ. ಕೆಲವು ಆಂಟಿಜನ್ ಕಿಟ್‌ಗಳಿಗೆ ವಿಟಿಎಂನಲ್ಲಿ ಹಾಕಿದ ಸ್ವ್ಯಾಬ್ ಆಗಿಬರುವುದಿಲ್ಲ, ಕಿಟ್‌ನ ಕಾಗದ ಓದಿಯೇ ಮುಂದುವರಿಯಬೇಕು.

ಟ್ಯೂಬ್ ಮೇಲೆ ಹೆಸರು ಬರೆಯುವುದು ಮರೆಯುವುದು, ಇಬ್ಬರ ಸ್ಟಿಕರ್ ಅದಲುಬದಲಾಗುವುದು ಕೂಡ ಇದೇ ಪಟ್ಟಿಗೆ ಸೇರುತ್ತದೆ. ಯಾವ ಪಿಸಿಆರ್ ಕೂಡ ಅದನ್ನು ಸರಿ ಮಾಡಲಾರದು.

ಕಾಯಿಲೆ ಶುರುವಾದ ಎಷ್ಟನೇ ದಿನ ಟೆಸ್ಟ್ ಮಾಡಿದರೆ ಒಳ್ಳೆಯದು?

ಆದಷ್ಟು ಬೇಗ, ಮೂರು ನಾಲ್ಕು ದಿನದೊಳಗೆ ಆದರೆ ಬಹಳ ಒಳ್ಳೆಯದು. ಲಕ್ಷಣ ಕಾಣುವ ಹಿಂದಿನ ದಿನದಿಂದ ಹಿಡಿದು ಐದರಿಂದ ಏಳು ದಿನ ದೊಡ್ಡವರ ಮೂಗಿನಲ್ಲಿ ವೈರಸ್ ಸಿಗುತ್ತದೆ. ಮಕ್ಕಳಲ್ಲಿ ಇನ್ನೂ ಹೆಚ್ಚು ದಿನ. ಅಂಗಾಂಗ ಕಸಿ ಆದವರು, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರಲ್ಲಿ ವಾರಗಟ್ಟಲೆ. ಹಾಗಂತ ದಾಖಲಾದವರು ತಡವಾಗಿ ಬಂದರು ಅಂತ ಟೆಸ್ಟ್ ಬಿಡಬಾರದು. ನ್ಯುಮೋನಿಯಾ ಆದವರಲ್ಲಿ ವೈರಸ್ ಕೆಳಗೆ ಶ್ವಾಸಕೋಶದಲ್ಲಿ ಇನ್ನೂ ಉಳಿದಿರಬಹುದು.

ವೆಂಟಿಲೇಟರ್ ಮೇಲಿದ್ದಾರೆ. ಮೂಗಿನ ಸ್ವ್ಯಾಬ್ ನೆಗೆಟಿವ್. ಇನ್ನು ಫ್ಲೂ ಬಿಟ್ಟುಬಿಡಬಹುದಾ?

ಬಿಡಬೇಡಿ. ಕಾಯಿಲೆ ಶ್ವಾಸಕೋಶಕ್ಕೆ ಇಳಿದ ಮೇಲೆ ಮೂಗಿನಲ್ಲಿ ವೈರಸ್ ಖಾಲಿಯಾಗಿ, ಕೆಳಗೆ ಇನ್ನೂ ತುಂಬಿರುವುದು ಉಂಟು. ಕೊಡದ ಬಾಯಿ ಮುಟ್ಟಿ ನೋಡಿ ತಳದಲ್ಲಿ ನೀರಿಲ್ಲ ಅಂದ ಹಾಗಾಗುತ್ತದೆ. ಉಸಿರಾಟದ ನಳಿಕೆ ಹಾಕಿರುವವರಲ್ಲಿ ಆ ನಳಿಕೆಯಿಂದಲೇ ಎಂಡೋಟ್ರೇಕಿಯಲ್ ಆಸ್ಪಿರೇಟ್, ಅಂದರೆ ಶ್ವಾಸನಾಳದ ದ್ರವ, ಎಳೆಯಬಹುದು. ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಮಾಡುವುದಿದ್ದರೆ ಶ್ವಾಸಕೋಶ ತೊಳೆದ ದ್ರವ, ಅಂದರೆ ಬಿಎಎಲ್, ಕಳಿಸಬಹುದು. ಈ ಸ್ಯಾಂಪಲ್‌ಗೆ ಪಿಸಿಆರ್ ಮಾಡಬೇಕು. ಆಂಟಿಜನ್ ಕಿಟ್ ಇದಕ್ಕೆ ಅಲ್ಲ.

ಅದು ಬರುವವರೆಗೆ ಔಷಧಿ ನಡೆಯುತ್ತಿರಲಿ. ನೆಗೆಟಿವ್ ಬಂದ ಮೇಲೂ ಡಾಕ್ಟರ್ ಒಸೆಲ್ಟಾಮಿವಿರ್ ನಿಲ್ಲಿಸಿಲ್ಲ ಯಾಕೆ ಅಂತ ಕೇಳುವ ಮನೆಯವರಿಗೆ ಉತ್ತರ ಬಹಳ ಸಲ ಇದೇ.

ಫ್ಲೂ ಪಾಸಿಟಿವ್ ಬಂತು. ಆಂಟಿಬಯಾಟಿಕ್ ಇನ್ನೂ ಯಾಕೆ?

ಫ್ಲೂ ಬಂದು ಶ್ವಾಸನಾಳದ ಒಳಪದರ ಹಾಳಾದ ಮೇಲೆ ಬ್ಯಾಕ್ಟೀರಿಯಾ ನುಗ್ಗುವುದು ಸುಲಭ. ನ್ಯುಮೋಕಾಕಸ್, ಸ್ಟ್ಯಾಫಿಲೋಕಾಕಸ್ ಆರಿಯಸ್ ಮುಖ್ಯ ಆರೋಪಿಗಳು. ಸ್ವಲ್ಪ ಸುಧಾರಿಸಿ ಮತ್ತೆ ಜ್ವರ ಏರಿದರೆ, ಮೊದಲ ದಿನದಿಂದಲೇ ಸ್ಥಿತಿ ತೀವ್ರವಾಗಿದ್ದರೆ, ಬ್ಯಾಕ್ಟೀರಿಯಾ ಇದೆಯೇ ಅಂತ ರಕ್ತ ಮತ್ತು ಕಫದ ಕಲ್ಚರ್ ಕಳಿಸುತ್ತಾರೆ. ಅದರ ಗುರುತೇ ಇಲ್ಲದಿದ್ದರೆ ಆಂಟಿಬಯಾಟಿಕ್ ಮುಂದುವರಿಸಲು ಕಾರಣ ಇಲ್ಲ. ವೈರಸ್ ಮೇಲೆ ಅದು ಕೆಲಸ ಮಾಡುವುದಿಲ್ಲ. ಡಾಕ್ಟರ್‌ನ್ನು ಕೇಳಿ, ತಪ್ಪೇನಿಲ್ಲ.

ಕಲ್ಚರ್ ರಿಪೋರ್ಟ್‌ನಲ್ಲಿ ‘ಹೀಮೋಫಿಲಸ್ ಇನ್‌ಫ್ಲುಯೆಂಜೇ’ ಅಂತಿದೆ. ಅದೂ ಫ್ಲೂನೇ ಅಲ್ವಾ?

ಅಲ್ಲವೇ ಅಲ್ಲ. ಅದು ಬ್ಯಾಕ್ಟೀರಿಯಾ. 1890ರ ದಶಕದ ಆರಂಭದಲ್ಲಿ ಫ್ಲೂ ಮಹಾಮಾರಿ ಹಬ್ಬಿದ್ದಾಗ ಜರ್ಮನಿಯ ರಿಚರ್ಡ್ ಫೈಫರ್ ಇದೇ ಫ್ಲೂಗೆ ಕಾರಣ ಅಂದುಕೊಂಡರು. ಆ ಹೆಸರು ಉಳಿದುಬಿಟ್ಟಿತು. ಇದಕ್ಕೆ ಆಂಟಿಬಯಾಟಿಕ್ ಬೇಕು, ಫ್ಲೂ ಔಷಧಿ ತಾಗುವುದಿಲ್ಲ.

ಒಂದೇ ಸ್ವ್ಯಾಬ್‌ನಲ್ಲಿ ಹತ್ತಾರು ವೈರಸ್ ನೋಡುವ ಪ್ಯಾನೆಲ್ ಮಾಡಿಸಬೇಕಾ?

ಫ್ಲೂ, ಕೋವಿಡ್, ಆರ್‌ಎಸ್‌ವಿ ಮೂರನ್ನೂ ಒಟ್ಟಿಗೆ ನೋಡುವ ಸಣ್ಣ ಪ್ಯಾನೆಲ್ ದಾಖಲಾದ ಹೆಚ್ಚಿನವರಿಗೆ ಸಾಕು. ಇಪ್ಪತ್ತರ ಆಸುಪಾಸು ರೋಗಾಣು ನೋಡುವ ದೊಡ್ಡ ಪ್ಯಾನೆಲ್ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಐಸಿಯುನಲ್ಲಿ ಕಾರಣ ಸಿಗದೆ ಇರುವವರಿಗೆ ಉಪಯುಕ್ತ. ಉಳಿದವರಲ್ಲಿ ಅದರಿಂದ ನೆಗಡಿಯ ರೈನೋವೈರಸ್ ಸಿಕ್ಕಿದರೆ ಚಿಕಿತ್ಸೆ ಬದಲಾಗುವುದಿಲ್ಲ, ಬಿಲ್ ಮಾತ್ರ ಬದಲಾಗುತ್ತದೆ.

ರಿಪೋರ್ಟ್‌ನಲ್ಲಿ ಎ, ಬಿ, ಎಚ್1ಎನ್1, ಎಚ್3ಎನ್2 ಅಂತೆಲ್ಲಾ ಇದೆಯಲ್ಲ?

ಮನುಷ್ಯರಲ್ಲಿ ಸೀಸನ್ ಫ್ಲೂ ತರುವುದು ಎ ಮತ್ತು ಬಿ. ಎ ವೈರಸ್‌ಗೆ ಉಪಬಗೆಗಳಿವೆ. ಈಗ ಮನುಷ್ಯರಲ್ಲಿ ಓಡಾಡುತ್ತಿರುವವು 2009ರಲ್ಲಿ ಬಂದ ಎಚ್1ಎನ್1 ಮತ್ತು ಎಚ್3ಎನ್2. ಬಿ ವೈರಸ್‌ನಲ್ಲಿ ವಿಕ್ಟೋರಿಯಾ, ಯಮಗಾಟ ಎಂಬ ಎರಡು ವಂಶ ಇದ್ದವು. 2020ರ ಮಾರ್ಚ್ ನಂತರ ಯಮಗಾಟ ಎಲ್ಲೂ ಖಚಿತವಾಗಿ ಕಂಡಿಲ್ಲ. ಚಿಕಿತ್ಸೆಯ ಮಟ್ಟಿಗೆ ಇವುಗಳಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಗಮನ ಕೊಡಬೇಕಾದದ್ದು ಬೇರೆ. ಫ್ಲೂ ಎ ಪಾಸಿಟಿವ್, ಆದರೆ ಎಚ್1ಕ್ಕೂ ಎಚ್3ಕ್ಕೂ ನೆಗೆಟಿವ್ ಅಂತ ಬಂದರೆ? ವೈರಸ್ ತೀರಾ ಕಡಿಮೆ ಇದ್ದಾಗಲೂ ಹೀಗಾಗುತ್ತದೆ. ಆದರೆ ವೈರಸ್ ಧಾರಾಳವಾಗಿ ಇದ್ದೂ ಉಪಬಗೆ ಸಿಗದಿದ್ದರೆ, ಅದು ಹಕ್ಕಿ ಅಥವಾ ಹಂದಿಯಿಂದ ಬಂದ ಹೊಸ ಫ್ಲೂ ಇರಬಹುದು. ಮಾಮೂಲಿ ಪಿಸಿಆರ್ ಎಚ್5ಎನ್1 ಹಕ್ಕಿಜ್ವರವನ್ನು ಬರೀ ‘ಫ್ಲೂ ಎ’ ಎಂದು ತೋರಿಸುತ್ತದೆ. ಅಂಥ ಸ್ಯಾಂಪಲ್ ತಡಮಾಡದೆ ಆರೋಗ್ಯ ಇಲಾಖೆಯ ಉನ್ನತ ಲ್ಯಾಬ್‌ಗೆ ಹೋಗಬೇಕು. ಸ್ಥಳೀಯವಾಗಿ ಕಲ್ಚರ್ ಹಾಕಬಾರದು, ಅದಕ್ಕೆ ಬಿಎಸ್‌ಎಲ್-3 ಮಟ್ಟದ, ಅಂದರೆ ಅಪಾಯಕಾರಿ ರೋಗಾಣುಗಳಿಗೆಂದೇ ಇರುವ ಲ್ಯಾಬ್‌ನ, ಸುರಕ್ಷತೆ ಬೇಕು. ರೋಗಿ ಕೋಳಿ, ಹಸು, ಸತ್ತ ಹಕ್ಕಿಗಳ ಹತ್ತಿರ ಕೆಲಸ ಮಾಡಿದ್ದರೇ ಅಂತ ಕೇಳಬೇಕು. ಕಣ್ಣು ಕೆಂಪಾಗಿದ್ದರೆ ಕಣ್ಣಿನ ಸ್ವ್ಯಾಬ್ ಕೂಡ ತೆಗೆಯಬೇಕು. ಹಸುಗಳಲ್ಲಿ ಎಚ್5ಎನ್1 ಹರಡಿದ ನಂತರ, 2025ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ದಾಖಲಾದ ರೋಗಿಗಳಲ್ಲಿ ಸಿಗುವ ಎಲ್ಲಾ ಫ್ಲೂ ಎ ಸ್ಯಾಂಪಲ್‌ಗಳ ಉಪಬಗೆ ಬೇಗ ನೋಡಿ ಎಂದು ಆಸ್ಪತ್ರೆಗಳಿಗೆ ಸೂಚಿಸಿತು.

ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಟೆಸ್ಟ್ ಪಾಸಿಟಿವ್ ಬರಬಹುದಾ?

ತೋಳಿಗೆ ಚುಚ್ಚುವ ಲಸಿಕೆಯಿಂದ ಬರುವುದಿಲ್ಲ. ಮೂಗಿಗೆ ಸ್ಪ್ರೇ ಮಾಡುವ ಲಸಿಕೆಯಲ್ಲಿ ಬಲ ಕುಗ್ಗಿಸಿದ ಜೀವಂತ ವೈರಸ್ ಇರುವುದರಿಂದ, ಕೆಲವು ದಿನ ಟೆಸ್ಟ್ ಪಾಸಿಟಿವ್ ಬರಬಹುದು. ಇತ್ತೀಚೆಗೆ ಅದನ್ನು ತೆಗೆದುಕೊಂಡಿದ್ದರೆ ಮುಂಚೆಯೇ ಹೇಳಿ.

ಔಷಧಿ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ಅದಕ್ಕೂ ಟೆಸ್ಟ್ ಇದೆಯೇ?

ಇದೆ, ಆದರೆ ಎಲ್ಲರಿಗೂ ಅಲ್ಲ. ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಔಷಧಿ ತೆಗೆದುಕೊಳ್ಳುತ್ತಿದ್ದರೂ ವೈರಸ್ ಕಡಿಮೆಯಾಗದೆ ಇದ್ದರೆ ಜೀನ್ ಓದಿ ನೋಡುತ್ತಾರೆ. ಎಚ್1ಎನ್1ನ ನ್ಯೂರಮಿನಿಡೇಸ್ (ಒಸೆಲ್ಟಾಮಿವಿರ್ ಗುರಿ ಇಡುವ ವೈರಸ್ ಕಿಣ್ವ) ಜೀನ್‌ನಲ್ಲಿ ಎಚ್275ವೈ ಎಂಬ ಬದಲಾವಣೆ ಇದ್ದರೆ ಒಸೆಲ್ಟಾಮಿವಿರ್ ನಾಟುವುದಿಲ್ಲ. 2008-09ರ ಹೊತ್ತಿಗೆ ಆಗಿನ ಹಳೆಯ ಸೀಸನ್ ಎಚ್1ಎನ್1 ಬಹುಪಾಲು ಹೀಗೆ ನಿರೋಧ ಬೆಳೆಸಿಕೊಂಡಿತ್ತು. ಆಮೇಲೆ 2009ರ ಹೊಸ ವೈರಸ್ ಬಂದು ಅದರ ಜಾಗ ಹಿಡಿಯಿತು. ಈಗ ಇಂಥ ನಿರೋಧ ಅಪರೂಪ.

ವಾರ್ಡ್‌ನಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಉಳಿದವರಿಗೂ ಮಾಡಬೇಕಾ?

ಲಕ್ಷಣ ಇರುವವರಿಗೆ, ತಡಮಾಡದೆ. ಸೋಂಕು ತಗುಲಿ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಸಾಕು. ಹಾಗಾಗಿ ಮೊದಲ ಪಾಸಿಟಿವ್ ಬಂದ ಮೇಲೆ ಕೆಲವು ದಿನ ಎಲ್ಲರ ಮೇಲೂ ಕಣ್ಣಿಡಬೇಕು. ಕೆಮ್ಮುತ್ತಲೇ ಡ್ಯೂಟಿಗೆ ಬರುವ ಸಿಬ್ಬಂದಿಯನ್ನೂ ಸೇರಿಸಿ. ಅವರಿಂದ ಹರಡುವುದೂ ಕಡಿಮೆ ಅಲ್ಲ.

ಡಿಸ್ಚಾರ್ಜ್‌ಗೆ ಮುಂಚೆ ನೆಗೆಟಿವ್ ಬರಲೇಬೇಕಾ?

ಬೇಕಿಲ್ಲ. ವೈರಸ್ ಸತ್ತ ಮೇಲೂ ಅದರ ಆರ್‌ಎನ್‌ಎ ಚೂರುಗಳು ಕೆಲವು ದಿನ ಮೂಗಿನಲ್ಲಿ ಉಳಿಯುತ್ತವೆ, ಪಿಸಿಆರ್ ಅದನ್ನೂ ಹಿಡಿಯುತ್ತದೆ. ಸಾಮಾನ್ಯ ರೋಗಿಗೆ ಮತ್ತೆ ಸ್ವ್ಯಾಬ್ ಹಾಕಿ ಹಿಂಸೆ ಕೊಡುವ ಅಗತ್ಯ ಇಲ್ಲ. ಆಸ್ಪತ್ರೆಯಲ್ಲಿ ಪ್ರತ್ಯೇಕ ಇಡುವ ಅವಧಿ ದಿನದ ಲೆಕ್ಕದಲ್ಲಿ ನಡೆಯುತ್ತದೆ: ಲಕ್ಷಣ ಶುರುವಾಗಿ 7 ದಿನ, ಅಥವಾ ಜ್ವರ ಮತ್ತು ಉಸಿರಾಟದ ಲಕ್ಷಣ ಹೋಗಿ 24 ಗಂಟೆ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ಅದಕ್ಕೂ ಮುಂಚೆ ಮನೆಗೆ ಹೋಗುವಷ್ಟು ಚೇತರಿಸಿಕೊಂಡರೆ ಹೋಗಬಹುದು. ಮನೆಯಲ್ಲಿ ಉಳಿದ ದಿನ ಮಾಸ್ಕ್ ಹಾಕಿಕೊಂಡು, ಹಸುಗೂಸು, ಗರ್ಭಿಣಿ, ವಯಸ್ಸಾದವರಿಂದ ಸ್ವಲ್ಪ ದೂರ ಇರಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರ ವಿಷಯದಲ್ಲಿ ಮಾತ್ರ ಮತ್ತೆ ಟೆಸ್ಟ್ ಮಾಡುವುದುಂಟು. ಅವರನ್ನು ಕಸಿ ಆದವರ ವಾರ್ಡ್‌ಗೆ ಕಳಿಸುವ ಮುಂಚೆ ಎರಡು ಸಲ ಯೋಚಿಸಬೇಕಾಗುತ್ತದೆ.